ಬಾಯಿ ಕಾಣುವ ಹಾಗೆ ಕೊಟ್ಟ ಮಾತು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಮಾತಾಡುತ್ತಿದ್ದರೆ ಅವರ ಕಣ್ಣು ನೋಡುವುದು ಬಿಟ್ಟು ಬಾಯಿ ನೋಡುತ್ತೇನೆ. ಎದುರಿಗಿದ್ದವರಿಗೆ ಇದರಿಂದ ಎಷ್ಟು ಇರುಸುಮುರುಸಾಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ತೀರ ತಡವಾಗಿ. ಅರಿಶಿನಕುಂಟೆಯಲ್ಲಿ ನಮ್ಮ ಮನೆ ಹತ್ತಿರದ ಹೋಟೆಲಿನಾತ ನಾನು ಹೋದಾಗಲೆಲ್ಲ ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಏನ್ ಸಾರ್, ಚಟ್ನಿಗಿಟ್ನಿ ಅಂಟಿದೆಯಾ?" ನನ್ನ ಹೆಂಡತಿ ವನಜಳ ದೂರು ಇನ್ನೂ ದೊಡ್ಡದು. ಹೆಣ್ಣು ನೋಡಲು ಹೋದ ದಿನ ನಾನು ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದೆನಂತೆ. "ಸಂತೇಲಿ ಎತ್ತಿನ ಹಲ್ಲು ನೋಡೋ ಹಂಗೆ ನೋಡಿದ್ರಿ. ನಮ್ಮಪ್ಪ ಅದನ್ನ ಕಂಡು, ಹುಡುಗ ಭಾರಿ ವ್ಯವಹಾರಸ್ಥ ಅಂತ ಒಪ್ಪಿಬಿಟ್ರು," ಅಂತ ಈಗಲೂ ಬಂದವರ ಮುಂದೆಲ್ಲ ಹೇಳುತ್ತಾಳೆ. ವ್ಯವಹಾರ ನನಗೆ ಸುತರಾಂ ಬರುವುದಿಲ್ಲ ಅನ್ನುವುದು ಆ ಪುಣ್ಯಾತ್ಮರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ತಪ್ಪೆಲ್ಲ ಮಗ್ಗದ್ದು ಸ್ವಾಮಿ. ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಮಗ್ಗ ಅಂದ ಕೂಡಲೇ ಕೈಮಗ್ಗ, ಚರಕ ಅಂತೆಲ್ಲ ನೆನೆಸಿಕೊಂಡು ಮನಸ್ಸು ತಂಪು ಮಾಡಿಕೊಳ್ಳಬೇಡಿ. ನಮ್ಮದು ಪವರ್‌ಲೂಮು. ಮುಂದಿನ ಕೋಣೆಯಲ್ಲಿ ಮಗ್ಗಗಳು, ಹಿಂದಿನ ಕೋಣೆಯಲ್ಲಿ ನಾವು, ನಡುವೆ ಒಂದು ಬಾಗಿಲು. ಅದು ಮುಚ್ಚಿದ್ದರೂ ಒಂದೇ, ತೆರೆದಿದ್ದರೂ ಒಂದೇ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಂಡು ಓಡಾಡುವ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಹಾಗಾಗಿ ನಮ್ಮ ಬೀದಿಯವರೆಲ್ಲ ಬರೀ ಬಾಯಿ ಆಡಿಸುತ್ತಿದ್ದರು, ಎದುರಿಗಿದ್ದವರು ನೋಡಿ ತಿಳಿದುಕೊಳ್ಳುತ್ತಿದ್ದರು. ಎಳೆ ಕಿತ್ತುಹೋಗಿದೆ ಅನ್ನಲು ಎರಡು ಬೆರಳು ಚಿವುಟಿ ತೋರಿಸಿದರಾಯಿತು. ಕಾಫಿ ಬೇಕೆಂದರೆ ಹೆಬ್ಬೆರಳು ತುಟಿಗೆ. ಅಮ್ಮ ಮಗ್ಗದ ಆಚೆ ನಿಂತು ನನ್ನನ್ನು ಬೈಯುವಾಗ ಒಂದು ಶಬ್ದ ಕಿವಿಗೆ ಬೀಳುತ್ತಿರಲಿಲ್ಲ, ಆದರೆ ಒಂದು ಬೈಗುಳವೂ ತಪ್ಪಿಹೋಗುತ್ತಿರಲಿಲ್ಲ.

ಕರೆಂಟು ಹೋದಾಗ ಮಾತ್ರ ಪೇಚಾಟ. ಕೆಲವರಿಗೆ ಬಾಯಿ ಆಡಿಸುವಾಗ ಜೊತೆಗೆ ದನಿಯೂ ಬಂದುಬಿಡುತ್ತದೆ. ನಮ್ಮಪ್ಪ ಆ ಪೈಕಿ. ಒಮ್ಮೆ ಸೋದರಮಾವ ಬಂದು ಜಗುಲಿಯಲ್ಲಿ ಕೂತಿದ್ದರು. ಅಪ್ಪ ಮಗ್ಗದ ಪಕ್ಕ ನಿಂತು ಅಮ್ಮನಿಗೆ ಏನೋ ಹೇಳುತ್ತಿದ್ದರು. ಅದೇ ಗಳಿಗೆಗೆ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಗಪ್‌ಚಿಪ್ಪಾಯಿತು. ಆ ಮೌನದಲ್ಲಿ ಅಪ್ಪನ ದನಿ ಮಾತ್ರ ಖಣಿಲ್ಲನೆ ಕೇಳಿಸಿತು: "ನಿಮ್ಮಣ್ಣ ಉಣ್ಣದೆ ಏಳಲ್ಲ ಕಣೇ!" ಜಗುಲಿಯಿಂದ ಉತ್ತರ ಬಂತು: "ಇಲ್ಲ ಭಾವ, ಎದ್ದೆ." ಅಮ್ಮ ಓಡಿಹೋಗಿ ಅಣ್ಣನ ಕೈ ಹಿಡಿದು ಕೂರಿಸಿ, ಇದ್ದಬದ್ದ ತುಪ್ಪವನ್ನೆಲ್ಲ ಬಡಿಸಿದಳು. ಅಪ್ಪ ಅವತ್ತು ಒಣಮುದ್ದೆ ಉಂಡರು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಅಕ್ಕ ಸರೋಜಳ ವಿಷಯಕ್ಕೆ ಬರಬೇಕು. ನಾನೇನೋ ನಾಲ್ಕಕ್ಷರ ಕಲಿತು ನೆಲಮಂಗಲದಲ್ಲಿ ಕನ್ನಡ ಮೇಷ್ಟ್ರಾಗಿ, ಆ ಸದ್ದಿನಿಂದ ತಪ್ಪಿಸಿಕೊಂಡೆ. ಅಕ್ಕ ದೊಡ್ಡಬಳ್ಳಾಪುರದಲ್ಲೇ ಇನ್ನೊಂದು ಮಗ್ಗದ ಮನೆಗೆ ಸೊಸೆಯಾಗಿ ಹೋದಳು. ಭಾವನಿಗೆ ಸರಿಸಮವಾಗಿ ನಿಂತು ಮಗ್ಗ ನಡೆಸಿದಳು. ಸದ್ದು ವರ್ಷವರ್ಷಕ್ಕೂ ಅವಳ ಕಿವಿಯನ್ನು ಚೂರುಚೂರೇ ತಿಂದುಹಾಕಿತು. ಈಗ ಮುಖ ತೋರಿಸದೆ ಏನು ಹೇಳಿದರೂ ಅವಳಿಗೆ ತಿಳಿಯುವುದಿಲ್ಲ. ಕಿವಿಗೆ ಮಿಷನ್ನು ತಂದದ್ದೂ ಆಯಿತು. "ಮನೇಲಿ ಮಗ್ಗ ನಿಲ್ಸಿದ್ರೂ ಇದರೊಳಗೆ ಓಡ್ತಾನೇ ಇರುತ್ತೆ ಕಣೋ," ಅಂತ ಅದನ್ನು ಬೀರುವಿನಲ್ಲಿ ಕುಂಕುಮದ ಭರಣಿಯ ಪಕ್ಕ ಇಟ್ಟಳು. ಹಾಗಂತ ಅವಳನ್ನು ಅಯ್ಯೋ ಪಾಪ ಅನ್ನಲು ಹೋಗಬೇಡಿ. ತುಟಿ ಕಂಡರೆ ಸಾಕು, ರಸ್ತೆಯ ಆಚೆ ಬದಿಯವರ ಮಾತೂ ಅವಳಿಗೆ ಗೊತ್ತು. ದೂರದ ಪಂಕ್ತಿಯಲ್ಲಿ ಯಾರು ಸಾರಿಗೆ ಉಪ್ಪಿಲ್ಲ ಅಂದರು, ಯಾರು ಹುಡುಗಿ ಕಪ್ಪು ಅಂದರು, ಎಲ್ಲದರ ವರದಿಯೂ ನಮಗೆ ಅವಳಿಂದಲೇ ಬರುವುದು. ಎಲ್ಲರೂ ಮಾಸ್ಕು ಕಟ್ಟಿಕೊಂಡು ತಿರುಗುತ್ತಿದ್ದ ಆ ಕಾಲವೊಂದು ಬಂತಲ್ಲ, ಆಗ ಮಾತ್ರ ಅಕ್ಕ ನಿಜವಾಗಿ ಸೋತಳು. ಮಗಳು ಸಿಂಧು ಬಾಗಿಲಾಚೆ ದೂರ ನಿಂತು, ಮಾಸ್ಕು ಕೆಳಗೆಳೆದು, ದಿನದ ಸುದ್ದಿ ಹೇಳಿ, ಮತ್ತೆ ಮಾಸ್ಕು ಏರಿಸಿಕೊಂಡು ಒಳಗೆ ಬರುತ್ತಿದ್ದಳು.

ಈ ಸಿಂಧು ಈಗ ಬ್ಯಾಂಕಿನಲ್ಲಿದ್ದಾಳೆ. ಹೊಸಕೋಟೆ ಕಡೆಯ ಸಮೇತನಹಳ್ಳಿಯ ಹರೀಶ ಅನ್ನುವ ಹುಡುಗ ಅವಳ ಜೊತೆ ಕೆಲಸ ಮಾಡುತ್ತಿದ್ದ. ಇಬ್ಬರೂ ಒಪ್ಪಿದರು, ಮನೆಯವರೂ ಒಪ್ಪಿದರು, ಛತ್ರ ಗೊತ್ತಾಯಿತು. ಒಂದು ಭಾನುವಾರ ಸಿಂಧು ನಮ್ಮ ಮನೆಗೆ ಬಂದು ಕೂತಳು.

"ಮಾವ, ಮದುವೆ ದಿನ ನಾವೇ ಮಾತು ಬರ್ಕೊಂಡು ಹೇಳ್ತೀವಿ. ನಾನು ಅವನಿಗೆ, ಅವನು ನನಗೆ."

ದೇವನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಯಾರೋ ಸ್ನೇಹಿತೆಯ ಮದುವೆಯಲ್ಲಿ ಹಾಗೆ ಮಾಡಿದ್ದನ್ನು ಅವಳು ನೋಡಿದ್ದಳಂತೆ. ನನಗೆ ನಗು ಬಂತು. "ಮಂತ್ರ ಇಲ್ವೇನೇ ಹಾಗಾದ್ರೆ?" ಅಂದೆ.

"ಮಂತ್ರನೂ ಇರುತ್ತೆ. ಆದ್ರೆ ಮಾವ, ಅಮ್ಮನ ಜೊತೆ ನಾನು ಎಷ್ಟು ಮದುವೆಗೆ ಹೋಗಿಲ್ಲ? ಮಂತ್ರ ಹೇಳೋವಾಗೆಲ್ಲ ಅಮ್ಮ ಬಂದವರ ಸೀರೆ ನೋಡ್ತಾ ಕೂತಿರುತ್ತೆ. ನನ್ನ ಮದುವೇಲೂ ಹಂಗೇ ನಿಂತಿರಬೇಕಾ? ನಾನು ಏನು ಮಾತು ಕೊಟ್ಟೆ, ಅವನು ಏನು ಕೊಟ್ಟ ಅಂತ ಅಮ್ಮಂಗೆ ಅಲ್ಲೇ ತಿಳಿಬೇಕು. ಆಮೇಲೆ ಮನೆಗೆ ಬಂದು ವಿವರಿಸಿ ಹೇಳೋದಲ್ಲ."

ನನ್ನ ನಗು ನಿಂತಿತು. ಇಷ್ಟು ವರ್ಷ ಅಕ್ಕನ ಪಕ್ಕ ಎಷ್ಟೋ ಧಾರೆ ನೋಡಿದ್ದೇನೆ. ಒಂದು ಸಲವೂ ನನಗೆ ಇದು ಹೊಳೆದಿರಲಿಲ್ಲ. ಹಾಗೆ ನೋಡಿದರೆ ಕಿವಿ ನೆಟ್ಟಗಿದ್ದವರೂ ಏನು ಕೇಳಿಸಿಕೊಂಡಿದ್ದೇವೆ ಹೇಳಿ? ನನ್ನ ಮದುವೆಯಲ್ಲಿ ಶಾಸ್ತ್ರಿಗಳು ಹೇಳಿಕೊಟ್ಟಿದ್ದನ್ನು ನಮ್ಮಪ್ಪನ ದನಿಯಲ್ಲಿ ಒದರಿ, ಅರ್ಥ ಏನೆಂದು ಕೇಳಿದ್ದೆ. "ಮುಹೂರ್ತ ಮೀರುತ್ತೆ ಮೇಷ್ಟ್ರೆ, ಆಮೇಲೆ ಹೇಳ್ತೀನಿ," ಅಂದಿದ್ದರು. ಇನ್ನೂ ಹೇಳಿಲ್ಲ. ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ವನಜ ಅಲ್ಲಿಂದಲೇ ಅಂದಳು: "ಏನು ಮಾತು ಕೊಟ್ರಿ ಅಂತ ನಿಮಗೇ ಗೊತ್ತಿಲ್ಲ. ಅದಕ್ಕೇ ಒಂದನ್ನೂ ನಡೆಸಿಲ್ಲ."

ಸಮೇತನಹಳ್ಳಿಯ ಹಿರಿಯರಿಗೆ ವಿಷಯ ತಿಳಿಸಿದಾಗ ಅವರು ತುಂಬ ಹೊತ್ತು ಯೋಚಿಸಿ ಒಂದೇ ಪ್ರಶ್ನೆ ಕೇಳಿದರು. ಊಟಕ್ಕೆ ತಡವಾಗುತ್ತಾ? ಇಲ್ಲ ಅಂದೆವು. ಹಾಗಾದರೆ ಏನಾದರೂ ಹೇಳಿಕೊಳ್ಳಲಿ ಬಿಡಿ ಅಂದರು. ಹಾರ ಬದಲಾಯಿಸಿದ ಮೇಲೆ, ಧಾರೆಗೆ ಮುಂಚೆ, ಶಾಸ್ತ್ರಿಗಳೂ ಸ್ವಲ್ಪ ಹೊತ್ತು ಬಿಟ್ಟುಕೊಟ್ಟರು.

ಇನ್ನು ಬರೆಯುವ ಕೆಲಸ. ನೆಲಮಂಗಲದ ಸುತ್ತಮುತ್ತ ಯಾರು ನಿವೃತ್ತರಾದರೂ ಬಿನ್ನವತ್ತಳೆ ಬರೆಯುವವನು ನಾನೇ. ಇದನ್ನು ಮಾತ್ರ ಬಿಡುತ್ತೇನೆಯೇ? ಅವಳು ಕೇಳದಿದ್ದರೂ ಕೂತು ಬರೆದೆ. "ಓ ಬಾಳಸಂಗಾತಿಯೇ, ನಿನ್ನ ಹೃದಯಮಂದಿರದ ನಂದಾದೀಪವಾಗಿ ಅನವರತ ಪ್ರಜ್ವಲಿಸುವೆ" ಅಂತ ಶುರುವಾಗಿ, ಒಂದು ಹಾಳೆಯ ಎರಡೂ ಮಗ್ಗುಲು ತುಂಬಿತು. ಸಿಂಧು ಗಂಭೀರವಾಗಿ ಪೂರ್ತಿ ಓದಿದಳು.

"ಮಾವ, ಚೆನ್ನಾಗಿದೆ. ಆದ್ರೆ ಹರೀಶ ಇವತ್ತೇ ರಿಟೈರ್ ಆಗ್ತಿದಾನೆ ಅನ್ಸುತ್ತೆ."

ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ದನಿ ಇಲ್ಲದೆ ಬರೀ ತುಟಿಯಲ್ಲಿ ಹೃದಯಮಂದಿರ ಅಂದಳು. ಏನೋ ಬಿಸಿ ಬಿಸಿ ಬೋಂಡಾ ಬಾಯಿಗೆ ಹಾಕಿಕೊಂಡವರ ಹಾಗೆ ಕಂಡಿತು. "ನೋಡಿದ್ಯಾ? ಅನವರತ ಅಂದ್ರೂ ಅಷ್ಟೆ. ಅಮ್ಮಂಗೆ ಏನೂ ಸಿಗಲ್ಲ," ಅಂದಳು. ಅವಳು ಬರೆಯುತ್ತಿದ್ದ ರೀತಿಯೇ ಬೇರೆ. ಒಂದು ಮಾತು ಹೊಳೆದರೆ ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಹೇಳಿಕೊಳ್ಳುವಳು. ತುಟಿಯ ಮೇಲೆ ಸ್ಪಷ್ಟ ಕಂಡರೆ ಇಟ್ಟುಕೊಳ್ಳುವಳು, ಗಂಟಲಲ್ಲೇ ಉಳಿದರೆ ಬೇರೆ ಹುಡುಕುವಳು. ಪ್ರೀತಿಸುತ್ತೇನೆ ಅನ್ನುವುದನ್ನೇ ತೆಗೆದುಹಾಕಿ, ಜೊತೆಗೆ ಬರ್ತೀನಿ ಅಂತ ಮಾಡಿಕೊಂಡಳು. ಹರೀಶನನ್ನೂ ಫೋನಿನ ವಿಡಿಯೋದಲ್ಲಿ ಕೂರಿಸಿ, ದನಿ ಆರಿಸಿ, "ಬಾಯಿ ಬಿಡು, ಇನ್ನೂ ಬಿಡು, ಮೀಸೆ ಕತ್ತರಿಸ್ಕೋ, ತುಟಿ ಮೇಲೆ ಬಿದ್ದಿದೆ," ಅಂತ ತಾಲೀಮು ಮಾಡಿಸಿದಳು. ಜನ್ಮಪೂರ್ತಿ ಪದಗಳನ್ನು ಕಿವಿಯಲ್ಲಿ ತೂಗಿದವನು ನಾನು. ಮಾತನ್ನು ಕಣ್ಣಿನಲ್ಲಿ ತೂಗಿ ಬರೆದವರನ್ನು ಕಂಡದ್ದು ಅದೇ ಮೊದಲು. ಆ ಹುಡುಗಿಯ ಮೇಲೆ ನನಗೆ ಬಂದ ಗೌರವ ಇಷ್ಟಿಷ್ಟಲ್ಲ.

ಹೀಗೆ ಎಲ್ಲ ಯೋಚನೆ ಮಾಡಿದ್ದ ನಾವು ಒಂದನ್ನು ಮರೆತಿದ್ದೆವು. ಮನೆಯ ತಾಲೀಮಿನಲ್ಲಿ ಮೈಕು ಇರಲಿಲ್ಲ.

ಮೈಕಿನ ವಿಷಯದಲ್ಲಿ ನನ್ನ ಮರ್ಯಾದೆ ಮೊದಲೇ ಹೋಗಿದೆ. ನನ್ನ ಕೈಗೆ ಮೈಕು ಸಿಕ್ಕರೆ ಕರೆಂಟು ಹೋದ ಮೇಲೇ ಕೆಳಗಿಡುವುದು ಅನ್ನುತ್ತಾಳೆ ವನಜ. ಮದುವೆಯ ದಿನ ಸೋದರಮಾವನಾಗಿ ಸಿಂಧುವನ್ನು ಮಂಟಪಕ್ಕೆ ಕರೆತಂದವನು, ಹಾಗೇ ಛತ್ರದವರ ಮೈಕನ್ನೂ ವಶಪಡಿಸಿಕೊಂಡೆ. ಹಾರ ಬದಲಾಯಿಸಿದ್ದಾಯಿತು. ಸಿಂಧು ಮೊದಲೇ ಹೇಳಿದ್ದಂತೆ ಅಕ್ಕ ಹರೀಶನ ಪಕ್ಕಕ್ಕೆ ಬಂದು ನಿಂತಳು, ಮಗಳ ಮುಖ ನೇರ ಕಾಣಲಿ ಅಂತ. ಹೆಣ್ಣಿನ ತಾಯಿ ಗಂಡಿನ ಕಡೆ ಯಾಕೆ ನಿಂತಳು ಅಂತ ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ನಾನು ಗಂಟಲು ಸರಿಮಾಡಿಕೊಂಡು, ಆತ್ಮೀಯ ಬಂಧುಗಳೇ ಅಂತ ಆರಂಭಿಸಿ, ವನಜಳ ಕಣ್ಣು ಕಂಡು ಅಲ್ಲಿಗೇ ನಿಲ್ಲಿಸಿದೆ. ಹರೀಶನ ಬಾಯಿಗೆ ಮೈಕು ಹಿಡಿದೆ.

ಹುಡುಗ ಚೆನ್ನಾಗಿ ಹೇಳಿದ. "ನೀನು ಬರೋತನಕ ಊಟ ಮಾಡಲ್ಲ ಅಂತ ಸುಳ್ಳು ಹೇಳಲ್ಲ, ಹಸಿವಾದ್ರೆ ಮಾಡ್ಬಿಡ್ತೀನಿ. ಆದ್ರೆ ನಿನ್ನ ಪಾಲು ಬಿಸಿಯಾಗೇ ಇರುತ್ತೆ. ನಿಮ್ಮಪ್ಪ ಅಮ್ಮಂಗೆ ಮಗ ಇಲ್ಲ ಅಂತ ಯಾರೂ ಇನ್ನು ಅನ್ನೋ ಹಂಗಿಲ್ಲ." ಸಭೆ ಚಪ್ಪಾಳೆ ಹೊಡೆಯಿತು. ಯಾರೋ ಶಿಳ್ಳೆಯನ್ನೂ ಹೊಡೆದರು. ನಾನು ಖುಷಿಯಿಂದ ಅಕ್ಕನ ಕಡೆ ನೋಡಿದೆ.

ಅಕ್ಕ ನಗುತ್ತಿದ್ದಳು. ಆ ನಗು ನನಗೆ ಗೊತ್ತು. ಏನೂ ತಿಳಿಯದಾಗ, ಮತ್ತೆ ಹೇಳಿ ಅಂತ ಕೇಳಿ ಬೇರೆಯವರಿಗೆ ತೊಂದರೆ ಕೊಡುವುದು ಬೇಡ ಅನ್ನಿಸಿದಾಗ ನಗುವ ನಗು ಅದು. ಯಾಕೆ ಅಂತ ಆ ಕ್ಷಣಕ್ಕೆ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ಸಿಂಧುವಿಗೆ ಹೊಳೆಯಿತು. ಅವಳ ಮುಖ ಕಪ್ಪಿಟ್ಟಿತು.

ನಾನು ಮೈಕನ್ನು ಅವಳ ಬಾಯಿಗೆ ಹಿಡಿದೆ. ಅವಳು ಪಕ್ಕಕ್ಕೆ ಸರಿಸಿದಳು. ನಾಚಿಕೆ ಇರಬೇಕು ಅಂತ ಇನ್ನೂ ಹತ್ತಿರ ಹಿಡಿದೆ. ಮತ್ತೆ ಸರಿಸಿದಳು. ಸಭೆಯಿಂದ "ಮೈಕು, ಮೈಕು" ಅಂತ ಕೂಗು ಬಂತು. ವಿಡಿಯೋದವನು "ಸಾರ್, ಕ್ಲೋಸ್ ಆಗಿ ಹಿಡೀರಿ" ಅಂದ. ನನಗೂ ಹುಮ್ಮಸ್ಸು ಬಂದು ಮೂಗಿಗೆ ತಾಗುವ ಹಾಗೆ ಹಿಡಿದೆ.

"ಮಾವ!" ಅಂದಳು ಸಿಂಧು. ಕಣ್ಣಲ್ಲಿ ನೀರು ಬಂದಿತ್ತು. "ಅದನ್ನ ತೆಗಿ ಮಾವ. ಅಮ್ಮಂಗೆ ಬಾಯಿ ಕಾಣ್ತಿಲ್ಲ."

ಈ ಮಾತು ಮೈಕಿನಲ್ಲೇ ಬಂದದ್ದರಿಂದ ಇಡೀ ಛತ್ರಕ್ಕೆ ಕೇಳಿಸಿತು. ಮಗ್ಗದ ಮನೆಯಲ್ಲಿ ಹುಟ್ಟಿದ ನಾನು, ಬಾಯಿ ನೋಡಿಯೇ ದೊಡ್ಡವನಾದ ನಾನು, ನನ್ನ ಸ್ವಂತ ಅಕ್ಕನ ಎದುರು ಎಲ್ಲರ ಬಾಯಿಗೂ ಮೈಕು ಅಡ್ಡ ಹಿಡಿದು ನಿಂತಿದ್ದೆ. ಗುಂಡಿ ಒತ್ತಿ ಮೈಕು ಆರಿಸಿ ಕೆಳಗಿಟ್ಟೆ.

"ಹರೀಶ, ಮೊದ್ಲಿಂದ ಹೇಳು," ಅಂದಳು ಸಿಂಧು. ಹರೀಶ ಬೇಸರಪಟ್ಟುಕೊಳ್ಳಲಿಲ್ಲ. ಅರ್ಧ ಅಕ್ಕನ ಕಡೆಗೆ ತಿರುಗಿ, ಪೂರ್ತಿ ಬಾಯಿ ತೆರೆದು, ಮೊದಲಿಂದ ಹೇಳಿದ. ಅಕ್ಕ ಅವನ ತುಟಿಗಳನ್ನು ನೋಡುತ್ತಾ ನೋಡುತ್ತಾ ತಲೆಯಾಡಿಸಿದಳು. ತನ್ನ ದನಿ ತನಗೇ ಕೇಳಿಸದ್ದರಿಂದ ಅವಳ ಮಾತಿಗೆ ಹಿಡಿತವಿಲ್ಲ. ಕೊನೆಯ ಸಾಲಿಗೂ ಕಾಯದೆ, ಛತ್ರದ ಊಟದ ಮನೆಯವರೆಗೆ ಕೇಳುವ ಹಾಗೆ ಕೇಳಿದಳು: "ಬಿಸಿ ಇಡೋಕೆ ಒಲೆ ಹಚ್ಚೋಕೆ ಬರುತ್ತೇನಪ್ಪಾ?"

ನಗುವೋ ನಗು. ಹರೀಶ "ಬರುತ್ತೆ ಅತ್ತೆ" ಅಂತ ಬಾಯಿ ಆಡಿಸಿದ. ಮಗ ಇಲ್ಲ ಅನ್ನೋ ಹಂಗಿಲ್ಲ ಅಂದಾಗ ಮಾತ್ರ ಅಕ್ಕ ಅವನ ಕೆನ್ನೆ ಮುಟ್ಟಿದಳು.

ಈಗ ಸಿಂಧು. ಎದುರಿಗೆ ಹರೀಶ, ಅವನ ಹೆಗಲ ಪಕ್ಕ ಅಕ್ಕನ ಮುಖ. ಅವಳು ಸದ್ದು ಮಾಡದೆ, ಮಗ್ಗದ ಮನೆಯ ರೀತಿಯಲ್ಲೇ, ಬರೀ ತುಟಿಯಲ್ಲಿ ಮಾತಾಡಿದಳು. ಸಭೆಗೆ ಒಂದು ಅಕ್ಷರವೂ ಸಿಗಲಿಲ್ಲ. ಆದರೆ ಒಬ್ಬರೂ ಕೂಗಲಿಲ್ಲ. ಅವಳೇನು ಹೇಳಿದಳು ಅನ್ನುವುದು ಅವರಿಗೆ ಗೊತ್ತಾಗುತ್ತಿದ್ದದ್ದು ಅಕ್ಕನ ಉತ್ತರದಿಂದ.

"ಅಯ್ಯೋ, ಮುದ್ದೆ ಕಟ್ಟೋಕೆ ಬರಲ್ಲ ಅಂತ ಬೀಗರ ಮುಂದೆ ಯಾಕೇ ಹೇಳ್ತೀಯ!" ಅಂದಳು ಅಕ್ಕ.

ಹರೀಶನ ತಾಯಿ ಎದ್ದು ನಿಂತು, ಅಕ್ಕನಿಗೆ ಬಾಯಿ ಕಾಣುವ ಹಾಗೆ ಸೆರಗು ಸರಿಸಿಕೊಂಡು, "ಬಿಡಿ ಬೀಗ್ರೇ, ನನ್ನ ಮಗಂಗೆ ಬರುತ್ತೆ," ಅಂದರು. ಆ ಹೆಂಗಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲೆ ಸಿಂಧು ಕೊನೆಯ ಮಾತು ಹೇಳಿದಳು. ನಾನು ಪಕ್ಕದಲ್ಲೇ ಇದ್ದೆನಲ್ಲ, ಓದಿಕೊಂಡೆ. "ಎಷ್ಟೇ ಕೋಪ ಬಂದ್ರೂ ನಿನ್ನಿಂದ ಮುಖ ತಿರುಗಿಸಲ್ಲ. ಬೈಯೋದಿದ್ರೂ ಮುಖ ಕೊಟ್ಟೇ ಬೈತೀನಿ."

ಇದರ ತೂಕ ನಿಮಗೆ ತಿಳಿಯಬೇಕಾದರೆ ಮಗ್ಗದ ಮನೆಯ ಜಗಳ ಹೇಗಿರುತ್ತದೆಂದು ಗೊತ್ತಿರಬೇಕು. ಅಲ್ಲಿ ಕೂಗಾಟಕ್ಕೆ ಬೆಲೆಯಿಲ್ಲ. ಬೆನ್ನು ತಿರುಗಿಸಿದರೆ ಮುಗಿಯಿತು. ಅಕ್ಕನಿಗೆ ಸಿಟ್ಟು ಬಂತೆಂದರೆ ಗೋಡೆಗೆ ಮುಖ ಮಾಡಿ ಕೂರುವಳು. ಭಾವ ರೇಗಲಿ, ಗೋಗರೆಯಲಿ, ತಪ್ಪಾಯ್ತು ಅನ್ನಲಿ, ಯಾವುದೂ ಅವಳನ್ನು ಮುಟ್ಟುವುದಿಲ್ಲ. ಭಾವ ಸುತ್ತಿಕೊಂಡು ಗೋಡೆಯ ಪಕ್ಕ ಹೋದರೆ ಇವಳು ಈ ಕಡೆ ತಿರುಗುವಳು. ಮಿತಭಾಷಿ ಮನುಷ್ಯ ಕೊನೆಗೆ ಬೀದಿಬಾಗಿಲಲ್ಲಿ ಕೂತುಬಿಡುತ್ತಿದ್ದರು. ಆಗ ಮಗು ಸಿಂಧು ಅಮ್ಮನಿಗೂ ಗೋಡೆಗೂ ನಡುವೆ ತೂರಿಕೊಂಡು ಹೋಗಿ, ಅಪ್ಪ ಹೇಳಿದ್ದನ್ನು ತನ್ನ ಪುಟ್ಟ ಬಾಯಲ್ಲಿ ಹೇಳುವಳು. ನಾನೇ ಕಣ್ಣಾರೆ ಕಂಡಿದ್ದೇನೆ. ಅವಳಿಗೆ ಈ ಮಾತು ಬರೆಯಲು ಕನ್ನಡಿ ಬೇಕಾಗಿರಲಿಲ್ಲ.

ಅಕ್ಕನಿಗೂ ಅದೆಲ್ಲ ಕಣ್ಣಿಗೆ ಬಂದಿರಬೇಕು. ಗಾಬರಿಯಾಗಿ ಕೂಗಿದಳು: "ಅದೊಂದು ಮಾತು ಕೊಡ್ಬೇಡ ಕಣೇ! ಮುಖ ತಿರುಗ್ಸೋದೊಂದಾದ್ರೂ ಕೈಲಿಟ್ಕೋ!"

ಛತ್ರದ ಹೆಂಗಸರೆಲ್ಲ ಒಂದೇ ಸಲಕ್ಕೆ ನಕ್ಕರು. ವನಜ ಎಲ್ಲರಿಗಿಂತ ಜೋರಾಗಿ ನಕ್ಕಳು. ಸಿಂಧು ನಗಲಿಲ್ಲ. ಅಮ್ಮನನ್ನೇ ನೋಡುತ್ತಾ, ಕೊಟ್ಟಾಯ್ತಮ್ಮ ಅಂತ ತುಟಿಯಾಡಿಸಿದಳು.

ಅಕ್ಕ ಮಗಳ ಬಾಯಿಯನ್ನೇ ನೋಡುತ್ತಾ ನಿಂತಳು. ಧಾರೆಯ ತಂಬಿಗೆ ಹಿಡಿದುಕೊಂಡು ಭಾವ ಬಂದು ಅವಳ ಪಕ್ಕ ನಿಂತಿದ್ದರು. ಅಕ್ಕ ಅವರ ಕಡೆ ತಿರುಗಿದಳು. ಗುಟ್ಟಾಗಿ ಹೇಳುತ್ತಿದ್ದೇನೆ ಅಂತ ಅವಳ ಎಣಿಕೆ. ಕೊನೆಯ ಕುರ್ಚಿಯವರಿಗೂ ಕೇಳಿಸಿತು.

"ಹಂಗಾದ್ರೆ ನಾನೂ ಇನ್ಮೇಲೆ ತಿರುಗ್ಸಲ್ಲ ಬಿಡಿ."

ಶಾಸ್ತ್ರಿಗಳು ಗಡಿಯಾರ ನೋಡಿ ಕೈ ಎತ್ತಿದರು. ಗಟ್ಟಿಮೇಳ ಮೊಳಗಿತು, ಅಕ್ಷತೆ ಹಾರಿತು. ಭಾವ ಅಕ್ಕನ ಮುಖದ ಹತ್ತಿರ ಬಾಗಿ ಏನೋ ಹೇಳಿದರು. ಅವರ ಬೆನ್ನು ನಮ್ಮ ಕಡೆಗಿತ್ತು, ಡೋಲು ವಾಲಗದ ಅಬ್ಬರದಲ್ಲಿ ಅಷ್ಟು ಜನರಲ್ಲಿ ಒಬ್ಬರಿಗೂ ಕೇಳಿಸಲಿಲ್ಲ. ಅಕ್ಕನಿಗೆ ಕೇಳಿಸಿತು.